ವಾರದ ಅಡುಗೆ ಮೊದಲೇ ಗೊತ್ತುಮಾಡಿಕೊಂಡರೆ ದಿನಸಿ, ತರಕಾರಿ ಖರ್ಚು ನಿಜವಾಗಿ ಇಳಿಯುತ್ತದೆಯೇ?

ಕಲ್ಪತರು ನಾಡು (ತುಮಕೂರು)

ಮನೆಯಲ್ಲಿ ಐದು ಜನ: ನಾನು, ನಮ್ಮ ಯಜಮಾನರು, ಹೈಸ್ಕೂಲಿನ ಇಬ್ಬರು ಮಕ್ಕಳು, ಅತ್ತೆಯವರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ತಿಂಗಳ ಮೊದಲ ವಾರ ಅಂಗಡಿಗೆ ಚೀಟಿ ಕೊಟ್ಟು ದಿನಸಿ ತರಿಸುತ್ತೇವೆ, ಅದರ ಲೆಕ್ಕ ಕೈಗೆ ಸಿಗುತ್ತದೆ. ಲೆಕ್ಕಕ್ಕೆ ಸಿಗದಿರುವುದು ಸಂಜೆ ಬಸ್ ಇಳಿದು ಮನೆಗೆ ಬರುವ ದಾರಿಯಲ್ಲಿ ಕೊಳ್ಳುವ ತರಕಾರಿ, ಬ್ರೆಡ್ಡು, ಮೊಸರು, ದೋಸೆ ಹಿಟ್ಟಿನ ಪೊಟ್ಟಣ, ಮಕ್ಕಳಿಗೆ ಏನಾದರೊಂದು ತಿಂಡಿ. ಈ ಚಿಲ್ಲರೆ ಖರ್ಚುಗಳನ್ನೆಲ್ಲ ಕೂಡಿಸಿದರೆ ದಿನಸಿ ಚೀಟಿಯ ಮೊತ್ತವನ್ನೇ ಮೀರುತ್ತದೆ.

ವಾರದ ಅಡುಗೆ ಪಟ್ಟಿ ಬರೆದಿಟ್ಟುಕೊಂಡರೆ ಉಳಿತಾಯವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ನೋಡಿದ ಪಟ್ಟಿಗಳಲ್ಲಿ ಸೋಮವಾರ ಪನೀರು, ಮಂಗಳವಾರ ಓಟ್ಸ್, ಬುಧವಾರ ಪಾಸ್ತಾ. ನಮ್ಮದು ಬೆಳಿಗ್ಗೆ ತಿಂಡಿ, ಡಬ್ಬಿಗೆ ಚಪಾತಿ ಅಥವಾ ಅನ್ನ, ರಾತ್ರಿ ಮುದ್ದೆ-ಸಾರು ಉಣ್ಣುವ ಮನೆ. ಇಂಥ ಮನೆಯಲ್ಲಿ ಯಾರಾದರೂ ಇದನ್ನು ಮಾಡಿ ನೋಡಿದ್ದೀರಾ? ಎಲ್ಲಿಂದ ಶುರು ಮಾಡಬೇಕು?

ಲೆಕ್ಕದ ಮೇಷ್ಟ್ರು (ದಾವಣಗೆರೆ)

ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಮಾಡುತ್ತಿದ್ದೇವೆ. ಖರ್ಚು ಇಳಿಯುತ್ತದೆ, ಅನುಮಾನ ಬೇಡ. ಶನಿವಾರ ರಾತ್ರಿ ಊಟವಾದ ಮೇಲೆ ಮುಂದಿನ ವಾರದ ತಿಂಡಿ ಮತ್ತು ಊಟವನ್ನು ಬರೆಯುತ್ತೇವೆ, ಅದಕ್ಕೆ ಬೇಕಾದ ತರಕಾರಿಯನ್ನು ತೂಕದ ಸಮೇತ ಪಕ್ಕದಲ್ಲಿ ಬರೆಯುತ್ತೇವೆ. ಪಟ್ಟಿಯಲ್ಲಿ ಇಲ್ಲದ್ದನ್ನು ತರುವುದಿಲ್ಲ.

ಹಣ ಎಲ್ಲಿ ಹೋಗುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಕೇಂದ್ರ ಸರ್ಕಾರದ 2023–24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ಹಳ್ಳಿಯ ಕುಟುಂಬದ ಒಟ್ಟು ವೆಚ್ಚದಲ್ಲಿ ಆಹಾರದ ಪಾಲು ಸುಮಾರು ಶೇ 47, ನಗರದಲ್ಲಿ ಸುಮಾರು ಶೇ 40. ಆ ಪಾಲಿನೊಳಗೆ ಅತಿ ಹೆಚ್ಚು ಹೋಗುತ್ತಿರುವುದು ಅಕ್ಕಿಗೂ ಅಲ್ಲ, ಬೇಳೆಗೂ ಅಲ್ಲ. ಪಾನೀಯ, ಕುರುಕಲು ಮತ್ತು ತಯಾರಿಸಿ ಮಾರುವ ಆಹಾರ ಎಂಬ ಬಾಬ್ತಿಗೆ. ನೀವು ಹೇಳಿದ ಮಕ್ಕಳ ತಿಂಡಿಯಂಥವು ಆ ಬಾಬ್ತಿನವೇ. ಬೇಳೆಯನ್ನು ಕಡಿಮೆ ಮಾಡಿ ಉಳಿಸಲು ಹೋಗಬೇಡಿ. ಸಂಜೆಯ ದಾರಿ ಖರ್ಚನ್ನು ಹಿಡಿಯಿರಿ. ಅದಕ್ಕೆ ಪಟ್ಟಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಧಾರವಾಡದ ಅಕ್ಕ

ಮೇಷ್ಟ್ರು ಹೇಳಿದ ಕೊನೆಯ ಮಾತು ಸರಿ, ಮೊದಲ ಮಾತಿಗೆ ನನ್ನ ತಕರಾರಿದೆ. ಶನಿವಾರ ಮನೆಯಲ್ಲಿ ಕುಳಿತು ‘ಬುಧವಾರ ಬದನೆಕಾಯಿ ಎಣ್ಣೆಗಾಯಿ’ ಎಂದು ಬರೆದು ಭಾನುವಾರ ಸಂತೆಗೆ ಹೋದರೆ, ಆ ವಾರ ಬದನೆಕಾಯಿಯ ದರ ಏರಿರುತ್ತದೆ, ಪಕ್ಕದ ಬುಟ್ಟಿಯಲ್ಲಿ ಹೀರೇಕಾಯಿ ಅರ್ಧ ಬೆಲೆಗೆ ಬಿದ್ದಿರುತ್ತದೆ. ಪಟ್ಟಿ ಹಿಡಿದು ಹೋದವರು ದುಬಾರಿ ಬದನೆಕಾಯಿಯನ್ನೇ ತರುತ್ತಾರೆ. ಇದರಲ್ಲಿ ಉಳಿತಾಯ ಎಲ್ಲಿ ಬಂತು?

ಮೊದಲು ಸಂತೆ, ಆಮೇಲೆ ಪಟ್ಟಿ. ಚೀಲದಲ್ಲಿ ಏನು ಬಂತೋ ಅದನ್ನು ನೆಲದ ಮೇಲೆ ಹರವಿ, ಯಾವುದು ಎಷ್ಟು ದಿನ ತಾಳುತ್ತದೆ ಎಂದು ನೋಡಿ ದಿನ ಗೊತ್ತುಮಾಡುತ್ತೇನೆ. ಮೆಂತ್ಯ, ರಾಜಗಿರಿ, ಪುಂಡಿ ಸೊಪ್ಪುಗಳು ಅಂದು ಮತ್ತು ಮರುದಿನ. ಬೆಂಡೆ, ಹೀರೆ, ಚವಳಿ ವಾರದ ನಡುವೆ. ಗಜ್ಜರಿ, ಎಲೆಕೋಸು, ಸೌತೆ ಕೊನೆಗೆ. ಕುಂಬಳಕಾಯಿ ಕೊಯ್ಯುವ ತನಕ ಅದಕ್ಕೆ ದಿನವನ್ನೇ ಇಡುವುದಿಲ್ಲ, ಅದು ಆಪತ್ತಿಗೆ. ವಾರದ ಕೊನೆಯ ಎರಡು ದಿನ ತರಕಾರಿಯೇ ಬೇಕಿಲ್ಲದ ಅಡುಗೆ: ಹೆಸರುಕಾಳಿನ ಪಲ್ಯ, ಮಡಿಕೆಕಾಳು, ಜುಣಕ. ಜೊತೆಗೆ ರೊಟ್ಟಿ.

ನಮ್ಮ ಕಡೆಯ ಮನೆಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಯಾವಾಗಲೂ ಡಬ್ಬಿಯಲ್ಲಿರುತ್ತವೆ. ಒಣಗಿಸಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಮೊಸರು ಒಂದಿದ್ದರೆ ರಾತ್ರಿ ಎಂಟು ಗಂಟೆಗೆ ಮನೆಗೆ ಬಂದವರೂ ಹೊರಗಿನಿಂದ ಏನನ್ನೂ ತರಿಸಬೇಕಿಲ್ಲ. ಹೊರಗಿನಿಂದ ತರಿಸುವುದು ಹಸಿವಿನಿಂದಲ್ಲ, ದಣಿವಿನಿಂದ. ದಣಿದ ದಿನಕ್ಕೆ ಮನೆಯಲ್ಲಿ ಏನಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಉಳಿದ ದಿನಗಳು ತಾವೇ ಕೂಡಿಬರುತ್ತವೆ.

ಲೆಕ್ಕದ ಮೇಷ್ಟ್ರು (ದಾವಣಗೆರೆ)

ಅಕ್ಕಾವರೇ, ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಪಟ್ಟಿಯೇ ಇಲ್ಲದೆ ಸಂತೆಗೆ ಹೋದವರು ಅಗ್ಗ ಸಿಕ್ಕಿತೆಂದು ಎರಡು ಕೆ.ಜಿ. ಹೀರೇಕಾಯಿ ತಂದು, ಅದರಲ್ಲಿ ಅರ್ಧವನ್ನು ಬಾಡಲು ಬಿಡುವುದನ್ನೂ ನೋಡಿದ್ದೇನೆ. ತರಕಾರಿಯ ಹೆಸರು ಬರೆಯುವುದು ಬೇಡ, ಎಷ್ಟು ಹೊತ್ತಿನ ಅಡುಗೆಗೆ ಎಷ್ಟು ತೂಕ ಎಂಬುದನ್ನಂತೂ ಬರೆಯಲೇಬೇಕು. ‘ಎರಡು ಸೊಪ್ಪು, ಮೂರು ಕಾಯಿಪಲ್ಲೆ, ಒಂದು ಗಡ್ಡೆ’ ಎಂದಷ್ಟೇ ಬರೆದುಕೊಂಡು ಹೋಗಿ, ಆ ದಿನ ಯಾವುದು ಅಗ್ಗವೋ ಅದನ್ನು ಆ ಜಾಗಕ್ಕೆ ತುಂಬಿಸಿಕೊಳ್ಳಬಹುದು.

ಧಾರವಾಡದ ಅಕ್ಕ

ಇದು ಒಪ್ಪುವ ಮಾತು.

ದಿನಸಿ ಅಂಗಡಿ (ಹಾಸನ)

ಅಪ್ಪನ ಕಾಲದಿಂದ ದಿನಸಿ ಅಂಗಡಿ ನಡೆಸುತ್ತಿರುವವನು ನಾನು. ಮಾರುವವನ ಕಡೆಯಿಂದ ನಾಲ್ಕು ಮಾತು.

ಅಕ್ಕಿ. ಹೊಸ ಅಕ್ಕಿಯ ಬೆಲೆ ಕಡಿಮೆ ಎಂದು ಆಸೆಪಡಬೇಡಿ. ಅನ್ನ ಮುದ್ದೆಯಾಗುತ್ತದೆ, ಒದಗುವುದಿಲ್ಲ. ಹಳೆಯ ಸೋನಾ ಮಸೂರಿ ನೀರು ಹೆಚ್ಚು ಎಳೆದುಕೊಂಡು ಅರಳುತ್ತದೆ, ಅದೇ ಪಾವು ಅಕ್ಕಿಯಲ್ಲಿ ಇನ್ನೊಬ್ಬರಿಗೆ ಬಡಿಸಬಹುದು. ಕೆ.ಜಿ.ಯ ಬೆಲೆಗಿಂತ ತಟ್ಟೆಯ ಬೆಲೆ ನೋಡಿ. ಅಂಗಡಿಗಳಲ್ಲಿ 26 ಕೆ.ಜಿ.ಯ ಚೀಲಗಳು ಏಕೆ ಬಂದವು ಎಂದು ಬಹಳ ಜನ ಕೇಳುತ್ತಾರೆ. 2022ರ ಜುಲೈ 18ರಿಂದ, 25 ಕೆ.ಜಿ. ವರೆಗಿನ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಗಳಿಗೆ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಆ ತೆರಿಗೆ ಇಲ್ಲ, 25 ಕೆ.ಜಿ. ದಾಟಿದ ಚೀಲಕ್ಕೂ ಇಲ್ಲ. ಐದು ಜನರ ಮನೆಗೆ 26 ಕೆ.ಜಿ. ಚೀಲ ಭಾರವಲ್ಲ. ಇಬ್ಬರೇ ಇರುವ ಮನೆಯವರು ಬಿಡಿಯಾಗಿ ಕೊಳ್ಳಲಿ, ಹುಳು ಹಿಡಿದ ಅಕ್ಕಿಯಲ್ಲಿ ಯಾವ ಲಾಭವೂ ಇಲ್ಲ.

ವರ್ಷದ ಸಾಮಾನು. ಈಗ ಡಿಸೆಂಬರ್. ಕಲಬುರಗಿ ಕಡೆಯ ಹೊಸ ತೊಗರಿ ಬರುವ ಹೊತ್ತು. ಬೇಳೆಯನ್ನು ಈಗಲೇ ತುಂಬಿಸಿಕೊಳ್ಳಬೇಡಿ, ತಿಂಗಳಿಗೆ ಬೇಕಾದಷ್ಟು ಕೊಂಡು, ಜನವರಿ-ಫೆಬ್ರುವರಿಯಲ್ಲಿ ದರ ನೋಡಿ. ಬ್ಯಾಡಗಿ ಮೆಣಸಿನಕಾಯಿಯನ್ನು ಹೊಸ ಫಸಲು ಬಂದ ಮೇಲೆ, ಬೇಸಿಗೆ ಬಿಸಿಲಿರುವಾಗ ಕೊಂಡು ಒಣಗಿಸಿ ಸಾರಿನಪುಡಿ ಮಾಡಿಸಿಟ್ಟರೆ ಮಳೆಗಾಲದಲ್ಲಿ ಪುಡಿಯ ಪೊಟ್ಟಣ ಕೊಳ್ಳಬೇಕಿಲ್ಲ. ಹುಣಸೆಹಣ್ಣೂ ಹಾಗೆಯೇ. ಮೇಡಂ, ನಿಮ್ಮ ತುಮಕೂರಿನಲ್ಲಿ ಅದು ನನ್ನ ಅಂಗಡಿಗಿಂತ ಅಗ್ಗಕ್ಕೆ ಸಿಗುತ್ತದೆ. ಬೀಜ ಬಿಡಿಸಿ, ಕಲ್ಲುಪ್ಪು ಬೆರೆಸಿ, ಜಾಡಿಯಲ್ಲಿ ಅದುಮಿಡಿ.

ಪೊಟ್ಟಣ. ಐದು ರೂಪಾಯಿ, ಹತ್ತು ರೂಪಾಯಿಯ ಬಿಸ್ಕತ್ತಿನ ಬೆಲೆಯನ್ನು ಅಷ್ಟೇ ಇಟ್ಟು, ಒಳಗಿನ ತೂಕ ಇಳಿಸುವುದುಂಟು. ಈಗ ಪೊಟ್ಟಣದ ಮೇಲೆ ಗ್ರಾಂಗೆ ಇಷ್ಟು ಎಂಬ ದರವನ್ನೂ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಮಕ್ಕಳಿಗೆ ಅದನ್ನು ಓದಲು ಕಲಿಸಿ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಸರಿ.

ರಾತ್ರಿ ಪಾಳಿ (ಬೆಂಗಳೂರು)

ನಾನು, ನನ್ನ ಹೆಂಡತಿ, ಇಬ್ಬರೇ. ನಮಗೆ ಸಂತೆಯೂ ಇಲ್ಲ, ಸಮಯವೂ ಇಲ್ಲ. ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಈ ಸೌಲಭ್ಯದಿಂದಲೇ ಖರ್ಚು ಹೆಚ್ಚುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಟ್ಟು ಕೊತ್ತಂಬರಿ ಬೇಕಾಗಿರುತ್ತದೆ. ಇಷ್ಟು ಮೊತ್ತ ದಾಟಿದರೆ ತಲುಪಿಸುವ ಶುಲ್ಕ ಇಲ್ಲ ಎಂದು ತೋರಿಸುತ್ತದೆ. ಅದನ್ನು ದಾಟಿಸಲು ಚಿಪ್ಸ್, ಚಾಕೊಲೇಟ್, ಇನ್ನೊಂದು ಸಾಬೂನು. ಇಬ್ಬರ ಮನೆಯವರು ಇದಕ್ಕೆ ಏನು ಮಾಡುತ್ತೀರಿ?

ಇನ್ನೊಂದು ತೊಂದರೆ: ಇಬ್ಬರಿಗೆ ಅಡುಗೆ ಮಾಡಿದರೆ ಸಾರು ಯಾವಾಗಲೂ ಉಳಿಯುತ್ತದೆ. ಅರ್ಧ ಸೋರೆಕಾಯಿ ಫ್ರಿಜ್ಜಿನಲ್ಲಿ ಕೂರುತ್ತದೆ.

ಕರಾವಳಿ ಅಡುಗೆಮನೆ (ಉಡುಪಿ)

ತಮ್ಮಾ, ಬೇಕು ಅನ್ನಿಸಿದ ಕೂಡಲೇ ಒತ್ತಬೇಡಿ. ಅಡುಗೆಮನೆಯ ಗೋಡೆಯಲ್ಲೊಂದು ಚೀಟಿ ಅಂಟಿಸಿ, ಮುಗಿದದ್ದನ್ನೆಲ್ಲ ಅದರಲ್ಲಿ ಬರೆಯಿರಿ, ವಾರಕ್ಕೊಮ್ಮೆ ಒಟ್ಟಿಗೆ ತರಿಸಿ. ಕೊತ್ತಂಬರಿ ಇಲ್ಲದಿದ್ದರೂ ಸಾರು ಸಾರೇ.

ನಮ್ಮ ಕಡೆ ಮೊದಲೇ ಯೋಚಿಸುವುದನ್ನು ಮಳೆ ಕಲಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನು ವಿರಳ, ಸಿಕ್ಕಿದ್ದಕ್ಕೂ ಬೆಂಕಿ ಬೆಲೆ. ಅದಕ್ಕಾಗಿ ಬೇಸಿಗೆಯಲ್ಲೇ ಒಣಮೀನು ಕಟ್ಟಿಡುವುದು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಹಲಸಿನ ಬೀಜವನ್ನು ಮಣ್ಣು ಮೆತ್ತಿ ಕಾಪಿಡುವುದು. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನಿಂದ ತೂಗಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಮಳೆ ಹಿಡಿದು ಪೇಟೆಗೆ ಹೋಗಲಾಗದ ದಿನ ಒಂದು ಕಾಯಿ ಇಳಿಸಿದರೆ ಹುಳಿ, ತಿರುಳಿನಿಂದ ಸಾರು, ಸಿಪ್ಪೆಯಿಂದ ಚಟ್ನಿ.

ಸಿಪ್ಪೆಯ ವಿಷಯವನ್ನು ಒತ್ತಿ ಹೇಳುತ್ತೇನೆ. ಹೀರೇಕಾಯಿಯ ಸಿಪ್ಪೆ, ಸೀಮೆಬದನೆಯ ಸಿಪ್ಪೆ, ಬಾಳೆಕಾಯಿಯ ಸಿಪ್ಪೆ ಇವೆಲ್ಲ ದುಡ್ಡು ಕೊಟ್ಟು ತಂದವು. ಎಣ್ಣೆಯಲ್ಲಿ ಬಾಡಿಸಿ, ಉದ್ದಿನಬೇಳೆ, ಒಣಮೆಣಸು, ಹುಣಸೆ, ಕಾಯಿತುರಿ ಹಾಕಿ ರುಬ್ಬಿದರೆ ಮರುದಿನದ ದೋಸೆಗಾಯಿತು. ಕಲ್ಲಂಗಡಿಯ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿ ದೋಸೆ ಹೊಯ್ಯುತ್ತೇವೆ. ಉಳಿದ ಸೋರೆಕಾಯಿಗೂ ಅದೇ ದಾರಿ. ತುರಿದು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿ.

ಮಲ್ಲೇಶ್ವರದ ಅಜ್ಜಿ

ಮೊಮ್ಮಗಳು ಬರೆದುಕೊಡುತ್ತಿದ್ದಾಳೆ, ಮಾತು ನನ್ನದು.

ತುಮಕೂರಿನ ತಾಯಿ, ನೀನು ಪಟ್ಟಿ ಮಾಡಬೇಕಾದದ್ದು ಏಳು ದಿನಕ್ಕೆ ಏಳು ಅಡುಗೆಯನ್ನಲ್ಲ. ಇಂದಿನ ಒಂದು ಪಾತ್ರೆಯಿಂದ ನಾಳೆಗೆ ಏನು ಎಂಬುದನ್ನು. ಬಸ್ಸಾರನ್ನು ನೋಡು. ನಿಮ್ಮ ಮನೆಯಲ್ಲೂ ಮಾಡುತ್ತೀರಿ. ಹುರುಳಿಕಾಯಿಯೋ ದಂಟಿನ ಸೊಪ್ಪೋ, ಜೊತೆಗೆ ತೊಗರಿಬೇಳೆ ಅಥವಾ ಅಲಸಂದೆ ಕಾಳು, ಉಪ್ಪು ಹಾಕಿ ಬೇಯಿಸುತ್ತೇವೆ. ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಆದರೆ ಬೇಳೆ ಬೇಳೆಯಾಗಿಯೇ ಇರಬೇಕು, ಕರಗಿ ಗೊಜ್ಜಾದರೆ ಕೆಟ್ಟಿತು. ಅದಕ್ಕೆ ಕುಕ್ಕರಿನಲ್ಲಿ ಇಡದೆ ಪಾತ್ರೆಯಲ್ಲೇ ಬೇಯಿಸು. ಬಸಿದ ಕಟ್ಟನ್ನು ಬೇರೆ ಇಟ್ಟುಕೋ. ಬೆಂದದ್ದರಲ್ಲಿ ಒಂದು ಸೌಟು ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸಾರಿನಪುಡಿ, ಚೂರು ಕಾಯಿ ಹಾಕಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಮಿಕ್ಕದ್ದಕ್ಕೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಒಲೆ, ಒಂದೇ ಬೇಳೆ, ಎರಡು ಅಡುಗೆ. ರಾತ್ರಿ ಮುದ್ದೆಗೆ ಆ ಸಾರು, ಬೆಳಿಗ್ಗೆ ಮಕ್ಕಳ ಡಬ್ಬಿಗೆ ಚಪಾತಿಯ ಜೊತೆ ಆ ಪಲ್ಯ. ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ.

ದೋಸೆ ಹಿಟ್ಟನ್ನು ಕೊಳ್ಳುವುದನ್ನು ಬಿಡು. ಒಂದು ಪಾವು ಉದ್ದಿಗೆ ಮೂರು ಪಾವು ದೋಸೆ ಅಕ್ಕಿ, ಒಂದು ಚಮಚ ಮೆಂತ್ಯ. ಭಾನುವಾರ ರುಬ್ಬಿದರೆ ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಹುಳಿ ಏರಿದ ಮೇಲೆ ಬುಧವಾರ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಮೊದಲ ದಿನ ದೋಸೆ, ಮೂರನೆಯ ದಿನ ಇಡ್ಲಿ ಎಂದು ಹಿಂದುಮುಂದು ಮಾಡಿದರೆ ಯಾರೂ ತಿನ್ನುವುದಿಲ್ಲ.

ತೆಂಗಿನಕಾಯಿಯ ಬೆಲೆ 2025ರಲ್ಲಿ ಏರಿದ ಏರಿಕೆಗೆ ನನ್ನ ಎದೆ ಝಲ್ಲೆಂದಿತ್ತು. ಕಾಯಿ ಒಡೆದ ಮೇಲೆ ಕಣ್ಣಿರುವ ಹೋಳನ್ನು ಮೊದಲು ತುರಿ, ಅದು ಬೇಗ ಕೆಡುತ್ತದೆ. ಎಲ್ಲ ಅಡುಗೆಗೂ ಕಾಯಿ ಬೇಕೆಂಬ ನಿಯಮವಿಲ್ಲ. ಹುರುಳಿಕಟ್ಟಿನ ಸಾರು, ಮೆಣಸಿನ ಸಾರು, ಉಪ್ಪೆಸರು ಮಾಡಿದ ದಿನ ಕಾಯಿ ಮುಟ್ಟುವುದೇ ಬೇಡ.

ಕಲ್ಪತರು ನಾಡು (ತುಮಕೂರು)

ಅಜ್ಜಿ, ನಿಮ್ಮ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ನಾನು ಹೇಳಿದ್ದರೆ ನೀನು ಕೇಳುತ್ತಿದ್ದೆಯಾ’ ಎಂದರು. ಆದರೂ ಖುಷಿಪಟ್ಟರು.

ಎಲ್ಲರ ಮಾತನ್ನೂ ಕೂಡಿಸಿ ಒಂದು ವಾರಕ್ಕೆ ಹೀಗೆ ಯೋಚಿಸಿದ್ದೇನೆ. ಭಾನುವಾರ ಬೆಳಿಗ್ಗೆ ಸಂತೆ, ಸಂಜೆ ಹಿಟ್ಟು ರುಬ್ಬುವುದು. ಆ ರಾತ್ರಿ ಮೆಂತ್ಯ ಸೊಪ್ಪಿನ ಮಸ್ಸೊಪ್ಪು. ಸೋಮವಾರ ಇಡ್ಲಿ, ರಾತ್ರಿಗೆ ಹುರುಳಿಕಾಯಿ ಬಸ್ಸಾರು. ಮಂಗಳವಾರ ದೋಸೆ, ಡಬ್ಬಿಗೆ ಅದೇ ಬಸ್ಸಾರಿನ ಪಲ್ಯ. ಬುಧವಾರ ಪಡ್ಡು, ರಾತ್ರಿ ಮೊಟ್ಟೆ ಸಾರು. ಗುರುವಾರ ಅತ್ತೆಯವರ ಒಪ್ಪತ್ತು; ಅವರಿಗೆ ಅವಲಕ್ಕಿ, ನಮಗೆ ನಿಂಬೆಹಣ್ಣಿನ ಚಿತ್ರಾನ್ನ, ರಾತ್ರಿ ಎಲೆಕೋಸಿನ ಹುಳಿ. ಶುಕ್ರವಾರ ಉಪ್ಪಿಟ್ಟು, ರಾತ್ರಿ ಮೊಳಕೆ ಹುರುಳಿ ಸಾರು. ಶನಿವಾರ ಏನು ಉಳಿದಿದೆಯೋ ಅದರಿಂದ.

ಎರಡು ಪ್ರಶ್ನೆ. ಮೊಳಕೆ ಹುರುಳಿಗೆ ಯಾವಾಗ ನೆನೆಸಬೇಕು? ಚಿತ್ರಾನ್ನಕ್ಕೆ ಹಿಂದಿನ ರಾತ್ರಿಯ ಅನ್ನ ಇಟ್ಟುಕೊಳ್ಳಬಹುದೇ? ಇಲ್ಲಿ ಕರೆಂಟು ಹೋಗುತ್ತಿರುತ್ತದೆ.

ಆಸ್ಪತ್ರೆಯ ಅಡುಗೆ ಮೇಲ್ವಿಚಾರಕಿ (ಮೈಸೂರು)

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಉಳಿತಾಯದ ಮಾತು ಬಂದಾಗಲೆಲ್ಲ ಇದನ್ನು ಮರೆಯುತ್ತೇವೆ. ಅನ್ನವನ್ನು ರಾತ್ರಿಯಿಡೀ ಒಲೆಯ ಪಕ್ಕದಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವುದು ಸುರಕ್ಷಿತವಲ್ಲ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಷ್ಟು ಹೊತ್ತು ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಅನ್ನ ಮಾಡಿದ ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಮರುದಿನವೇ ಮುಗಿಸಿ. ಗಂಟೆಗಟ್ಟಲೆ ಕರೆಂಟು ಹೋದ ದಿನ ಆ ಅನ್ನದ ಆಸೆ ಬಿಡಿ. ಚಿತ್ರಾನ್ನಕ್ಕೆ ಬೆಳಿಗ್ಗೆಯೇ ಅನ್ನ ಮಾಡಿ ಆರಿಸಿಕೊಳ್ಳುವುದು ಎಷ್ಟೋ ಮೇಲು. ಹಿಂದಿನ ದಿನ ಒಗ್ಗರಣೆ ಗೊಜ್ಜು ಮಾಡಿಟ್ಟುಕೊಂಡರೆ ಹೊತ್ತೂ ಉಳಿಯುತ್ತದೆ.

ನಿಮ್ಮ ವಾರದಲ್ಲಿ ಬೇಳೆ, ಕಾಳು, ಮೊಟ್ಟೆ ಇರುವುದು ಸಂತೋಷ. ದುಡ್ಡು ಉಳಿಸಲು ಹೊರಟ ಮನೆಗಳಲ್ಲಿ ಮೊದಲು ಕಡಿತವಾಗುವುದು ಹಾಲು, ಮೊಟ್ಟೆ, ಕಾಳು. ಅದರಲ್ಲೂ ಮನೆಯ ಹೆಂಗಸಿನ ತಟ್ಟೆಯಲ್ಲಿ. ಬೆಳೆಯುವ ಮಕ್ಕಳಿರುವ ಮನೆಯಲ್ಲಿ ಕಡಿತ ಮಾಡಬೇಕಾದದ್ದು ಎಣ್ಣೆ ಮತ್ತು ಸಕ್ಕರೆಯನ್ನು. ತಿಂಗಳಿಗೆ ತಲಾ ಅರ್ಧ ಲೀಟರ್ ಎಣ್ಣೆ ಸಾಕು ಎಂಬ ಲೆಕ್ಕದಲ್ಲಿ ನಿಮ್ಮ ಮನೆಗೆ ಎರಡೂವರೆ ಲೀಟರ್. ಈಗ ಎಷ್ಟು ತರುತ್ತಿದ್ದೀರಿ, ನೋಡಿಕೊಳ್ಳಿ.

ಮಲೆನಾಡು ಮನೆ (ತೀರ್ಥಹಳ್ಳಿ)

ಯಾರೂ ಎತ್ತದ ಒಂದು ವಿಷಯ. ಇಲ್ಲಿ ಬರೆದಿರುವ ಪಟ್ಟಿ, ರುಬ್ಬುವುದು, ನೆನೆಸುವುದು, ಆರಿಸುವುದು, ಇದನ್ನೆಲ್ಲ ಮಾಡುವವರು ಯಾರು? ಹೊರಗೆ ದುಡಿದು ಬರುವ ಹೆಂಗಸೇ ಭಾನುವಾರವನ್ನೂ ಗ್ರೈಂಡರಿನ ಮುಂದೆ ಕಳೆದರೆ, ಉಳಿದ ಹಣಕ್ಕೆ ಅವಳ ವಿಶ್ರಾಂತಿಯನ್ನು ತೆತ್ತಂತೆ. ನಮ್ಮ ಮನೆಯಲ್ಲಿ ಸಂತೆ ಮತ್ತು ತರಕಾರಿ ಸೋಸುವುದು ನನ್ನ ಪತಿಯ ಕೆಲಸ, ಕಾಳು ನೆನೆಸುವುದು ಮಗನ ಕೆಲಸ. ಅವನು ಮರೆತರೆ ಆ ದಿನ ಸಾರಿಗೆ ಕಾಳಿಲ್ಲ, ನಾನು ನೆನಪಿಸಲು ಹೋಗುವುದಿಲ್ಲ. ಒಂದೆರಡು ಸಲ ಬರೀ ತಂಬುಳಿಯಲ್ಲಿ ಊಟ ಮುಗಿಸಿದ ಮೇಲೆ ತಾನೇ ಚೀಟಿ ಅಂಟಿಸಿಕೊಂಡಿದ್ದಾನೆ.

ತಂಬುಳಿ ಎಂದಾಗ ನೆನಪಾಯಿತು: ಒಂದು ಕುಂಡದಲ್ಲಿ ದೊಡ್ಡಪತ್ರೆ, ಒಂದರಲ್ಲಿ ಒಂದೆಲಗ, ಒಂದು ಕರಿಬೇವಿನ ಗಿಡ. ಬಾಡಿಗೆ ಮನೆಯ ಬಾಲ್ಕನಿಯಲ್ಲೂ ಬೆಳೆಯುತ್ತವೆ. ನಾಲ್ಕು ಎಲೆ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಚೂರು ಕಾಯಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಒಂದು ಹೊತ್ತಿನ ಊಟ. ಪೇಟೆಯ ದರಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಲೆಕ್ಕದ ಮೇಷ್ಟ್ರು (ದಾವಣಗೆರೆ)

ಮಲೆನಾಡು ಮನೆಯವರ ಮಾತಿಗೆ ಪೂರ್ತಿ ಸಹಮತ. ನಮ್ಮ ಮನೆಯಲ್ಲಿ ಪಟ್ಟಿ ಬರೆಯುವುದು ನಾನು. ಅದರ ಜೊತೆಗೆ ಈರುಳ್ಳಿ ಹೆಚ್ಚುವುದೂ ನನ್ನದೇ.

ಪಟ್ಟಿಯನ್ನು ಎಂದೂ ಬಿಗಿಯಾಗಿ ಕಟ್ಟಬಾರದು ಎಂಬುದಕ್ಕೆ ಒಂದು ಉದಾಹರಣೆ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. 2019ರ ಡಿಸೆಂಬರಿನಲ್ಲಿ ಈರುಳ್ಳಿಯೂ ಹೀಗೆಯೇ ನೂರು ದಾಟಿತ್ತು. ಪ್ರತಿ ಸಾರಿಗೂ ಟೊಮೆಟೊ ಹಾಕುವ ಮನೆಗಳಿಗೆ ಆ ತಿಂಗಳು ಪೆಟ್ಟು ಬಿತ್ತು. ಹುಣಸೆ, ನಿಂಬೆ, ಮಾವಿನಕಾಯಿ, ಅಮಟೆಕಾಯಿ, ಹುಳಿಮಜ್ಜಿಗೆ, ಹುಳಿಗೆ ಎಷ್ಟು ದಾರಿಗಳಿವೆ! ವರಮಹಾಲಕ್ಷ್ಮಿ, ಗೌರಿ-ಗಣೇಶ ಹಬ್ಬದ ವಾರಗಳಲ್ಲಿ ಹೂವು-ಹಣ್ಣಿನ ಜೊತೆ ತರಕಾರಿಯ ದರವೂ ಏರುತ್ತದೆ. ಆ ವಾರಕ್ಕೆ ಕಾಳು, ಗಡ್ಡೆಗಳನ್ನು ಮೊದಲೇ ಇಟ್ಟುಕೊಂಡರೆ ಹಬ್ಬದ ಅಡುಗೆಗೆ ಕೈಯಲ್ಲಿ ಹಣ ಇರುತ್ತದೆ.

ರಾತ್ರಿ ಪಾಳಿ (ಬೆಂಗಳೂರು)

ಉಡುಪಿಯ ಅಕ್ಕ ಹೇಳಿದಂತೆ ಗೋಡೆಗೆ ಚೀಟಿ ಅಂಟಿಸಿದ್ದೇವೆ. ಮೊಬೈಲಿನಲ್ಲಿ ತರಿಸುವುದು ಈಗ ಶುಕ್ರವಾರ ಮಾತ್ರ. ಮನೆಯಿಂದ ಸ್ವಲ್ಪ ದೂರದಲ್ಲೇ ಹಾಪ್‌ಕಾಮ್ಸ್ (ಹಣ್ಣು-ತರಕಾರಿ ಬೆಳೆಗಾರರ ಸಹಕಾರ ಸಂಘ) ಮಳಿಗೆ ಇರುವುದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ದರವನ್ನು ಫಲಕದಲ್ಲಿ ಬರೆದಿರುತ್ತಾರೆ, ಕಾಲು ಕೆ.ಜಿ. ಕೇಳಿದರೂ ಕೊಡುತ್ತಾರೆ. ಇಬ್ಬರ ಮನೆಗೆ ಅದೇ ಬೇಕಾದದ್ದು.

ಅಜ್ಜಿ, ಇಬ್ಬರಿಗೆ ದೋಸೆ ಹಿಟ್ಟು ಎಷ್ಟು ರುಬ್ಬಬೇಕು?

ಮಲ್ಲೇಶ್ವರದ ಅಜ್ಜಿ

ಅರ್ಧ ಪಾವು ಉದ್ದು, ಒಂದೂವರೆ ಪಾವು ಅಕ್ಕಿ. ಗ್ರೈಂಡರ್ ಬೇಕಿಲ್ಲ, ಮಿಕ್ಸಿ ಸಾಕು. ಉದ್ದು ರುಬ್ಬುವಾಗ ತಣ್ಣೀರು ಹಾಕು, ಮಿಕ್ಸಿ ಬಿಸಿಯಾದರೆ ಹಿಟ್ಟು ಉಬ್ಬುವುದಿಲ್ಲ. ಈಗ ಚಳಿ. ಹಿಟ್ಟಿನ ಪಾತ್ರೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡು.

ತುಮಕೂರಿನ ತಾಯಿ, ನಿನ್ನ ಹುರುಳಿ. ಶುಕ್ರವಾರ ರಾತ್ರಿಗೆ ಸಾರು ಬೇಕೆಂದರೆ ಬುಧವಾರ ಬೆಳಿಗ್ಗೆ ಕಲ್ಲು ಆರಿಸಿ ನೆನೆಹಾಕು, ರಾತ್ರಿ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡು. ಗುರುವಾರ ಎರಡು ಸಲ ನೀರು ಚಿಮುಕಿಸು. ಚಳಿಗೆ ಹುರುಳಿ ಮೊಳೆಯುವುದು ನಿಧಾನ, ಹೆಸರಿನಷ್ಟು ಚುರುಕಲ್ಲ. ಬೇಯಿಸಿದ ಕಟ್ಟನ್ನು ಚೆಲ್ಲಬೇಡ, ಶನಿವಾರ ‘ಏನು ಉಳಿದಿದೆಯೋ’ ಎಂದೆಯಲ್ಲ, ಆ ಕಟ್ಟಿಗೆ ಬೆಳ್ಳುಳ್ಳಿ, ಮೆಣಸು, ಹುಣಸೆ ಹಾಕಿದರೆ ಶನಿವಾರದ ಸಾರು.

ದಿನಸಿ ಅಂಗಡಿ (ಹಾಸನ)

ಅಜ್ಜಿಯವರೇ, ಸೊಗಡವರೆ ಬರತೊಡಗಿದೆ. ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲವಲ್ಲ!

ಕಲ್ಪತರು ನಾಡು (ತುಮಕೂರು)

ಅವರೆಕಾಯಿಯನ್ನು ಮರೆತಿಲ್ಲ ಅಣ್ಣ, ದರ ಇಳಿಯಲಿ ಎಂದು ಕಾಯುತ್ತಿದ್ದೇನೆ. ಈಗ ಬರುತ್ತಿರುವುದು ಮೊದಲ ಕೊಯ್ಲು, ತೂಕದಲ್ಲಿ ಸಿಪ್ಪೆಯೇ ಹೆಚ್ಚು. ಜನವರಿಯಲ್ಲಿ ಕಾಳು ಕಟ್ಟಿದ ಮೇಲೆ ಒಟ್ಟಿಗೆ ತಂದು, ಮನೆಮಂದಿಯೆಲ್ಲ ಕೂತು ಬಿಡಿಸಿ, ಹಿತಕಿದ್ದನ್ನು ಒಂದೊಂದು ಹೊತ್ತಿಗೆ ಬೇಕಾದಷ್ಟು ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿಡುತ್ತೇನೆ. ಮಲೆನಾಡಿನ ಅಕ್ಕ ಹೇಳಿದ ಮೇಲೆ ಕೆಲಸ ಹಂಚಿದ್ದೂ ಆಯಿತು: ಸಂತೆ ಯಜಮಾನರದ್ದು, ಕಾಳು ನೆನೆಸುವುದು ಮಗಳದ್ದು, ರುಬ್ಬುವುದು ಮಗನದ್ದು.

ಧಾರವಾಡದ ಅಕ್ಕ

ಯಜಮಾನರಿಗೆ ಹೇಳಿ, ಸಂತೆಗೆ ಹೋದ ಕೂಡಲೇ ಕೊಳ್ಳಬಾರದು. ಒಂದು ಸುತ್ತು ತಿರುಗಿ ದರ ಕೇಳಿಕೊಂಡು ಬಂದು, ಎರಡನೆಯ ಸುತ್ತಿನಲ್ಲಿ ಚೀಲ ಬಿಚ್ಚಬೇಕು. ಗಡ್ಡೆ, ಕುಂಬಳ ಚೀಲದ ತಳಕ್ಕೆ, ಸೊಪ್ಪು ಕೈಯಲ್ಲಿ.